ಕೊನೆಯ ಕಂತು ಕೆಡಿಸಿದ ದೊಡ್ಡಮ್ಮ

ಯಾರ ಮಾತಿಗಾದರೂ ದೊಡ್ಡಮ್ಮ ಕಿವಿಗೊಟ್ಟಳೆಂದರೆ ಅವಳ ಬಲಗೈ ತಾನಾಗಿ ಬಲಗಿವಿಯ ಓಲೆಗೆ ಹೋಗುತ್ತಿತ್ತು. ಕೆಂಪು ಹರಳಿನ ಓಲೆ. ತಿರುವಿ ತಿರುವಿ ಆ ಕಿವಿಯ ತೂತು ದೊಡ್ಡದಾಗಿ, ಓಲೆ ಎಡಗಿವಿಯದಕ್ಕಿಂತ ಸ್ವಲ್ಪ ಕೆಳಗೆ ಜೋತುಬಿದ್ದಿತ್ತು. ಎದುರಿಗೆ ಕೂತವರು ಪಾಪ, ಎಷ್ಟು ಗಮನ ಕೊಟ್ಟು ಕೇಳುತ್ತಾರಲ್ಲ ಎಂದು ಇನ್ನಷ್ಟು ಹೇಳುತ್ತಿದ್ದರು. ಮನೆಯವರಾದ ನಮಗೆ ಮಾತ್ರ ವಿಷಯ ಗೊತ್ತಿತ್ತು. ಓಲೆ ತಿರುಗುತ್ತಿದೆ ಎಂದರೆ, ಇಷ್ಟರಲ್ಲೇ ಆ ಪುಣ್ಯಾತ್ಮರು ಬೇರೆ ಹೆಸರಿನಲ್ಲಿ, ಬೇರೆ ಊರಿನಲ್ಲಿ, ಯಾವುದೋ ವಾರಪತ್ರಿಕೆಯ ಧಾರಾವಾಹಿಯಲ್ಲಿ ಕೊಲೆಯಾಗುತ್ತಾರೆ. ಇಲ್ಲವೇ ಕೊಲೆ ಮಾಡುತ್ತಾರೆ.

ಅಮ್ಮನ ಅಕ್ಕ ಅವಳು. ದೊಡ್ಡಪ್ಪನಿಗೆ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. ನನ್ನ ತವರು ಮಾದಿಹಳ್ಳಿ. ಡಿಗ್ರಿ ಮುಗಿಸಿದ ಮೇಲೆ ಅರಸೀಕೆರೆಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿ, ದೊಡ್ಡಮ್ಮನ ಮನೆಯಲ್ಲೇ ಉಳಿದುಕೊಂಡೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಕ್ಕಳಿಲ್ಲದ ದೊಡ್ಡಮ್ಮನಿಗೆ ನಾನು ಮಗಳಾದೆ, ಅವಳು ಬರೆದದ್ದನ್ನು ಮೊದಲು ಓದುವವಳೂ ಆದೆ. ಎರಡನೆಯದೇ ಕಷ್ಟದ ಕೆಲಸವಾಗಿತ್ತು. ಓದುವಾಗ ಎದುರಿಗೇ ಕೂತು ನನ್ನ ಮುಖ ನೋಡುತ್ತಿದ್ದಳು.

ದೊಡ್ಡಪ್ಪ ಮಂಡಿಗೆ ಹೊರಟ ಮೇಲೆ ಅಡುಗೆ ಮುಗಿಸಿ, ಅಕ್ಕಿ ಡಬ್ಬಕ್ಕೆ ಬೆನ್ನು ಕೊಟ್ಟು, ಊಟದ ಮಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದಳು. ಅವಳ ಕಥೆಗಳಲ್ಲಿ ದೆವ್ವವಿಲ್ಲ, ಪೊಲೀಸರೂ ಅಷ್ಟಕ್ಕಷ್ಟೆ. ಒಂದು ಮನೆ, ಆ ಮನೆಯವರೆಲ್ಲ ಬಾಯಿ ಬಿಗಿಹಿಡಿದು ಮುಚ್ಚಿಟ್ಟ ಒಂದು ಗುಟ್ಟು, ಒಂದೇ ಯೋಚನೆ ತಲೆಗೆ ಹತ್ತಿ ಇಳಿಯದ ಒಬ್ಬ ಗಂಡಸೋ ಹೆಂಗಸೋ. ಇಷ್ಟಿದ್ದರೆ ಅವಳಿಗೆ ಸಾಕು. ನಿಜ ಹೇಳಬೇಕೆಂದರೆ ಅಂಥದೊಂದು ಯೋಚನೆ ಅವಳ ತಲೆಗೂ ಹತ್ತಿತ್ತು. ಯಾರ ಮನೆಗೆ ಹೋದರೂ ಅಲ್ಲಿ ಏನನ್ನು ಹೇಳುತ್ತಿಲ್ಲ ಎನ್ನುವುದೇ ಅವಳ ಚಿಂತೆ. ಅಟ್ಟದ ಮೇಲೆ ಕೊಬ್ಬರಿಗೆಂದು ಒಣಗಲು ಹಾಕಿದ ಕಾಯಿಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡುವಾಗ ನನಗೆ ಹೇಳುತ್ತಿದ್ದಳು: "ಒಳಗಿನ ನೀರೆಲ್ಲ ಇಂಗಿದ ಮೇಲೆ ಇದು ಗಡಗಡ ಅನ್ನದೆ ಇರೋಲ್ಲ ಕಣೇ. ಮನೆತನದ ಗುಟ್ಟೂ ಹಂಗೇ. ಅಲ್ಲಾಡಿಸೋರು ಬೇಕು ಅಷ್ಟೆ."

ಅಲ್ಲಾಡಿಸುವ ಕೆಲಸವನ್ನು ಅವಳು ಎಲ್ಲಿ ಹೋದರೂ ಮಾಡುತ್ತಿದ್ದಳು. ಒಮ್ಮೆ ನೆಂಟರನ್ನು ಕರೆದುಕೊಂಡು ಹಳೇಬೀಡಿಗೆ ಹೋಗಿದ್ದೆವು. ಗೈಡು ಗೋಡೆಯ ಆನೆ, ಕುದುರೆ ಸಾಲುಗಳನ್ನು ತೋರಿಸಿ ವಿವರಿಸುತ್ತಿದ್ದರೆ ದೊಡ್ಡಮ್ಮ ಓಲೆ ತಿರುವುತ್ತ ನಿಂತಿದ್ದಳು. ಅವನಿಗೆ ಬಹಳ ಸಂತೋಷವಾಯಿತು. ಅವಳು ಕೇಳುತ್ತಿದ್ದದ್ದು ಕಂಬದ ಆಚೆ ನಿಂತು ಪಿಸುಪಿಸು ಜಗಳವಾಡುತ್ತಿದ್ದ ಯಾರೋ ಗಂಡಹೆಂಡಿರ ಮಾತನ್ನು. ಇನ್ನೊಮ್ಮೆ ಮೆಡಿಕಲ್ ಶಾಪಿಗೆ ಹೋಗಿ, ಚೆನ್ನಾಗಿ ಉಂಡುತಿಂದು ಬೆಳೆದ ಗಂಡಸಿಗೆ ಎಷ್ಟು ಇಲಿ ಪಾಷಾಣ ಬೇಕಾಗುತ್ತದೆ ಎಂದು ಸಹಜವಾಗಿ ಕೇಳಿ ಬಂದಿದ್ದಳು. ಆ ಅಂಗಡಿಯವರು ಸಾಯಂಕಾಲ ಮಂಡಿಗೇ ಬಂದು ದೊಡ್ಡಪ್ಪನ ಆರೋಗ್ಯ ವಿಚಾರಿಸಿ, ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂದು ಎರಡೆರಡು ಸಲ ಕೇಳಿ ಹೋದರು. ದೊಡ್ಡಪ್ಪ ಮನೆಗೆ ಬಂದು ಊಟಕ್ಕೆ ಕೂತವರು, ಇವತ್ತಿನ ಸಾರು ನೀನು ಮೊದಲು ತಿನ್ನು ಅಂದರು. ಮೂವರೂ ನಕ್ಕು ನಕ್ಕು ಅನ್ನ ಆರಿಹೋಯಿತು.

ನನಗೆ ಸಂಬಂಧ ಬಂದದ್ದು ಜಾವಗಲ್ಲಿನಿಂದ. ಹುಡುಗ ಬೇಲೂರಿನಲ್ಲಿ ಹೈಸ್ಕೂಲು ಮೇಷ್ಟರು. ಹುಡುಗನಿಗೆ ತಂದೆ ಇಲ್ಲ, ತೆಂಗಿನ ತೋಟ ನೋಡಿಕೊಳ್ಳುವ ತಾಯಿ. ಅವರು ಬಂದು ನನ್ನನ್ನು ನೋಡಿ ಒಪ್ಪಿದರು, ನನಗೂ ಹುಡುಗ ಹಿಡಿಸಿದ್ದ. ಸುಮ್ಮನೆ ಹಿಡಿಸಿದ್ದಲ್ಲ, ಶಾಲೆಯಲ್ಲಿ ಪಾಠ ಮಾಡುವಾಗಲೂ ನೆನಪಾಗುವಷ್ಟು ಹಿಡಿಸಿದ್ದ. ಆಮೇಲೆ ನಮ್ಮ ಕಡೆಯವರು ಜಾವಗಲ್ಲಿಗೆ ಮನೆ ನೋಡಲು ಹೋದರು. ವಾಪಸು ಬಂದ ಅಮ್ಮ ಮನೆ, ತೋಟ, ಹಸು ಎಲ್ಲವನ್ನೂ ಹೊಗಳಿ, ಕೊನೆಗೆ ತಲೆ ಚಚ್ಚಿಕೊಂಡು, ನಿನ್ನ ದೊಡ್ಡಮ್ಮ ಅಲ್ಲಿಯೂ ಓಲೆ ತಿರುವಿದಳು ಕಣೇ ಎಂದಳು.

ಏನು ಕಂಡೆ ಎಂದು ದೊಡ್ಡಮ್ಮನನ್ನು ಕೇಳಿದೆ. ವಿಶೇಷವೇನಿಲ್ಲ, ನಿನ್ನ ಅತ್ತೆಯಾಗುವವರು ಒಳ್ಳೆಯವರು, ಅಂದಳು. ಅವರ ತಂಗಿಯೊಬ್ಬಳು ಬೇಲೂರಿನಿಂದ ಬಂದಿದ್ದಳಂತೆ. ಆಕೆ ಎಲ್ಲರಿಗೂ ಕಾಫಿ ತಂದುಕೊಟ್ಟಳಂತೆ. ಹುಡುಗನ ಮುಂದೆ ಬಂದಾಗ ಮಾತ್ರ ಅಕ್ಕ ಎದ್ದು ತಟ್ಟೆಯಿಂದ ಲೋಟ ತೆಗೆದು ತಾವೇ ಮಗನ ಕೈಗೆ ಕೊಟ್ಟರಂತೆ. ಅಷ್ಟೇ. ಇಷ್ಟಕ್ಕೆ ಓಲೆ ತಿರುವಬೇಕಾ ಎಂದು ನಾನು ರೇಗಿಸಿದೆ. ನಿಶ್ಚಿತಾರ್ಥ ಆಯಿತು, ಮುಂದಿನ ಬೇಸಿಗೆಗೆ ಮದುವೆ ಎಂದೂ ಗೊತ್ತಾಯಿತು.

ಆ ಒಂದು ಲೋಟ ಕಾಫಿಯಿಂದ ದೊಡ್ಡಮ್ಮ ತನ್ನ ಜೀವಮಾನದ ಕಥೆ ಹೊಸೆದಳು. ಸ್ಟೇಷನ್ ಮಾಸ್ಟರೊಬ್ಬರ ಮನೆ. ಅವರ ಹೆಂಡತಿಗೆ ಮಕ್ಕಳಿಲ್ಲ. ಮದುವೆಗೆ ಮುಂಚೆಯೇ ಬಸಿರಾದ ತಂಗಿಯ ಮಗುವನ್ನು ಯಾರಿಗೂ ತಿಳಿಯದಂತೆ ತನ್ನದೆಂದು ಸಾಕಿದ್ದಾಳೆ. ಮಗ ಬೆಳೆದಂತೆ ಅವಳಿಗೆ ಒಂದೇ ದಿಗಿಲು, ಇವನು ಎಲ್ಲಿ ಹೆತ್ತವಳ ಕಡೆ ತಿರುಗಿಬಿಡುತ್ತಾನೋ ಎಂದು. ತಂಗಿ ಮುಟ್ಟಿದ ಲೋಟವನ್ನು ಅವನ ಕೈಗೆ ಕೊಡುವುದಿಲ್ಲ. ಫೋಟೋ ತೆಗೆಸಿದರೆ ಇಬ್ಬರ ನಡುವೆ ತಾನು ನಿಲ್ಲುತ್ತಾಳೆ. ಬರಬರುತ್ತ ಬಾಗಿಲ ಸಂದಿಯಲ್ಲಿ ಕಿವಿ ಇಡುತ್ತಾಳೆ. ಮಗನ ಮದುವೆ ಹತ್ತಿರ ಬಂದಾಗ ಅಂಗಡಿಯಿಂದ ಏನೋ ತಂದು ಅಕ್ಕಿ ಡಬ್ಬದಲ್ಲಿ ಹುದುಗಿಸಿಡುತ್ತಾಳೆ.

ಆ ವಾರಪತ್ರಿಕೆ ಬಂದ ದಿನ ಅರಸೀಕೆರೆ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ಪ್ರತಿ ಉಳಿಯುತ್ತಿರಲಿಲ್ಲ. ಕಥೆ ಓದದ ದೊಡ್ಡಪ್ಪನೂ ಮಂಡಿಯಿಂದ ಬಂದು, ಎಲ್ಲರೂ ಕೇಳುತ್ತಿದ್ದಾರೆ, ಅವಳು ಯಾರಿಗೆ ವಿಷ ಹಾಕುತ್ತಾಳೆ ಎಂದು ವಿಚಾರಿಸತೊಡಗಿದರು. ದೊಡ್ಡಮ್ಮ ಬಾಯಿ ಬಿಡಲಿಲ್ಲ. ನನಗೆ ಮಾತ್ರ ಕೊನೆಯ ಕಂತುಗಳನ್ನು ಓದಲು ಕೊಟ್ಟಳು. ಮದುವೆ ಮನೆ, ಪಾಯಸದ ಬಟ್ಟಲು ತಂಗಿಯ ಎಲೆಯ ಮುಂದಿದೆ. ತಂಗಿ ಅದನ್ನೆತ್ತುವ ಹೊತ್ತಿಗೆ ಅಕ್ಕ ಕಿತ್ತುಕೊಂಡು ತಾನೇ ಕುಡಿದುಬಿಡುತ್ತಾಳೆ. ಓದಿ ಮುಗಿಸಿ ಮತ್ತೆ ಆ ಕೊನೆಯ ಹಾಳೆಗೇ ತಿರುಗಿದೆ. ದೊಡ್ಡಮ್ಮ ನನ್ನ ಮುಖ ನೋಡಿ, ಸರಿ, ನಾಳೆ ಅಂಚೆಗೆ ಹಾಕೋಣ ಎಂದು ತೃಪ್ತಿಯಿಂದ ಎದ್ದಳು.

ಮಾರನೆಯ ದಿನ ಶಾಲೆಗೆ ರಜೆ. ಬೆಳಗಿನ ಬಸ್ಸಿಗೆ ನನ್ನ ಅತ್ತೆಯಾಗುವವರು ಒಬ್ಬರೇ ಬಂದಿಳಿದರು. ಹೇಳಿ ಕಳಿಸಿರಲಿಲ್ಲ, ಜೊತೆಗೆ ಯಾರೂ ಇರಲಿಲ್ಲ. ಕೈಯಲ್ಲಿ ಒಂದು ಚೀಲ ಅವರೆಕಾಯಿ. ಅದನ್ನು ಕೆಳಗಿಡುವುದನ್ನೂ ಮರೆತು ಹಿಡಿದುಕೊಂಡೇ ನಿಂತಿದ್ದರು. ಅವರ ಮುಖ ನೋಡಿಯೇ, ಮದುವೆ ಮುರಿಯಲು ಬಂದಿದ್ದಾರೆ ಎಂದುಕೊಂಡೆ. ದೊಡ್ಡಮ್ಮ ಅವರನ್ನು ಒಳಗೆ ಕೂರಿಸಿ, ಮಿಲ್ಲಿಗೆ ಹೋಗಿ ರಾಗಿ ಹಿಟ್ಟು ಮಾಡಿಸಿಕೊಂಡು ಬಾ ಎಂದು ನನ್ನನ್ನು ಹೊರಗೆ ಅಟ್ಟಿದಳು. ಮನೆಯಲ್ಲಿ ಡಬ್ಬದ ತುಂಬ ರಾಗಿ ಹಿಟ್ಟಿತ್ತು.

ಮಿಲ್ಲಿನಲ್ಲಿ ನಿಂತು ನಾನು ಬೇಡಿಕೊಳ್ಳದ ದೇವರಿಲ್ಲ. ತಲೆಯೆಲ್ಲ ಹಿಟ್ಟು ಮಾಡಿಕೊಂಡು ಬಂದಾಗ ಅತ್ತೆ ಹೊರಡಲು ನಿಂತಿದ್ದರು. ಕಣ್ಣು ಕೆಂಪಾಗಿತ್ತು. ನನ್ನ ಕೆನ್ನೆಗೆ ಮೆತ್ತಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿ, "ಬತ್ತೀನಮ್ಮ" ಎಂದಷ್ಟೇ ಹೇಳಿ ಹೋದರು. ಏನಂತೆ ಎಂದು ದೊಡ್ಡಮ್ಮನ ಹಿಂದೆ ಬಿದ್ದೆ. ಧಾರೆ ಸೀರೆ ಕೆಂಪೋ ಹಸಿರೋ ಎಂದು ಕೇಳಲು ಬಂದಿದ್ದರು ಅಂದಳು. ಸೀರೆ ಬಣ್ಣಕ್ಕೆ ಯಾರಾದರೂ ಅಳುತ್ತಾರಾ ಅಂದರೆ, ಗಂಡನಿಲ್ಲದ ಹೆಂಗಸು, ಮಗನ ಮದುವೆ, ಅಳು ಬಾರದೆ ಇರುತ್ತದೆಯೇ ಅಂದಳು. ಒಟ್ಟಿನಲ್ಲಿ ಮದುವೆ ನಿಂತಿಲ್ಲ ಎನ್ನುವುದಷ್ಟೇ ನನಗೆ ಬೇಕಾಗಿತ್ತು.

ಅವತ್ತು ಮಧ್ಯಾಹ್ನ ಬಚ್ಚಲಿಗೆ ಹೋದರೆ ಹಂಡೆಯ ಒಲೆ ಉರಿಯುತ್ತಿತ್ತು. ಮುಂದೆ ಕೂತ ದೊಡ್ಡಮ್ಮ ಕೊನೆಯ ಕಂತುಗಳ ಹಾಳೆಗಳನ್ನು ತೆಂಗಿನ ಗರಿಯ ಜೊತೆ ಒಲೆಗೆ ತುರುಕುತ್ತಿದ್ದಳು. ತಡೆಯಲು ಹೋದ ನನ್ನ ಕೈ ಸರಿಸಿದಳು. ಆಮೇಲೆ ಮಣೆ ಇಟ್ಟುಕೊಂಡು ಕೂತು ಬೇರೆಯದೇ ಮುಕ್ತಾಯ ಬರೆದಳು. ಅಲ್ಲಿಯವರೆಗೆ ಕಥೆಯಲ್ಲಿ ಹೆಸರೂ ಇರದಿದ್ದ ಭಾವನೊಬ್ಬ ಬೊಂಬಾಯಿಯಿಂದ ಬಂದಿಳಿದ. ಆಸ್ತಿಗಾಗಿ ಇಲ್ಲದ ಅನುಮಾನವನ್ನೆಲ್ಲ ಹುಟ್ಟಿಸಿದವನು ಅವನೇ. ಹುಡುಗ ಅಕ್ಕನ ಹೊಟ್ಟೆಯಲ್ಲೇ ಹುಟ್ಟಿದವನು. ಅಕ್ಕಿ ಡಬ್ಬದಲ್ಲಿದ್ದದ್ದು ಹುಳ ಬೀಳದಿರಲೆಂದು ಇಟ್ಟ ಬೇವಿನ ಪುಡಿ. ಎಲ್ಲರೂ ಕೂತು ಹೋಳಿಗೆ ಉಂಡರು.

ಇಷ್ಟು ಚೆನ್ನಾಗಿದ್ದ ಕಥೆಯನ್ನು ಹಾಳು ಮಾಡಿಬಿಟ್ಟೆಯಲ್ಲ ಎಂದು ನಾನು ಅತ್ತೇಬಿಟ್ಟೆ. ದೊಡ್ಡಮ್ಮ ಲಕೋಟೆಗೆ ಅಂಟು ಹಚ್ಚುತ್ತ, "ಕೆಟ್ಟರೆ ಕೆಡಲಿ ಬಿಡೇ. ಕಥೆ ತಾನೇ ಕೆಟ್ಟದ್ದು," ಅಂದಳು.

ಓದುಗರು ಬಿಡುತ್ತಾರೆಯೇ? ಬೈದು ಬೈದು ಬರೆದರು. ಆ ಭಾವನನ್ನು ಬಂದ ರೈಲಿನಲ್ಲೇ ವಾಪಸು ಕಳಿಸಿ ಎಂದು ಒಬ್ಬರು ಬರೆದಿದ್ದರು. ಅದನ್ನು ದೊಡ್ಡಮ್ಮ ತಾನೇ ಜೋರಾಗಿ ಓದಿ ನಕ್ಕಳು. ಆದರೆ ಆ ಪತ್ರಿಕೆಯವರು ಮತ್ತೆ ಅವಳಿಂದ ಧಾರಾವಾಹಿ ಕೇಳಲಿಲ್ಲ. ಕೆಲವು ಕಾಲ ಅವಳು ಮಣೆಯ ಮೇಲೆ ಖಾಲಿ ಹಾಳೆ ಇಟ್ಟುಕೊಂಡು ಸುಮ್ಮನೆ ಕೂತಿರುವುದನ್ನು ನಾನು ನೋಡಿದ್ದೇನೆ. ಆಮೇಲೆ ಬೇರೆ ಪತ್ರಿಕೆಗೆ ಅಡುಗೆಯ ಬಗ್ಗೆ ಬರೆಯತೊಡಗಿದಳು. ಕೊಬ್ಬರಿ ಮಿಠಾಯಿ, ಕೊಬ್ಬರಿ ಚಟ್ನಿಪುಡಿ. ಇದರಲ್ಲಿ ಯಾರೂ ಸಾಯುವುದಿಲ್ಲ, ಸಕ್ಕರೆ ಕಾಯಿಲೆಯವರನ್ನು ಬಿಟ್ಟರೆ, ಎಂದು ತಾನೇ ತಮಾಷೆ ಮಾಡುತ್ತಿದ್ದಳು. ಅದರಲ್ಲೂ ಅವಳು ಸುಖವಾಗಿಯೇ ಇದ್ದಳು.

ನಮ್ಮ ಮದುವೆ ಅರಸೀಕೆರೆಯ ಛತ್ರದಲ್ಲಿ ನಡೆಯಿತು. ಎರಡೂ ಕಡೆಯ ಹಿರಿಯರು ಒಬ್ಬೊಬ್ಬರಾಗಿ ಬಂದು ನಮ್ಮ ಕೈಯ ಮೇಲೆ ಹಾಲು ಎರೆಯುತ್ತಿದ್ದಾಗ ದೊಡ್ಡಮ್ಮ ಇದ್ದಕ್ಕಿದ್ದಂತೆ ಮಂಟಪದಿಂದ ಇಳಿದು ಹೋದಳು. ಊಟದ ಮನೆಯಲ್ಲಿ ಎಲೆ ಹಾಸುತ್ತಿದ್ದ ನನ್ನ ಚಿಕ್ಕತ್ತೆಯನ್ನು, ಅಂದರೆ ಅತ್ತೆಯ ಬೇಲೂರಿನ ತಂಗಿಯನ್ನು, ಅವರ ಯಜಮಾನರ ಸಮೇತ ಕೈಹಿಡಿದು ಎಳೆದುಕೊಂಡು ಬಂದಳು. ಹುಡುಗನ ಚಿಕ್ಕಮ್ಮ ಧಾರೆ ಎರೆಯದೆ ಹೋದರೆ ನಮ್ಮ ಹುಡುಗಿಗೆ ಮರ್ಯಾದೆ ಮಾಡಿದ ಹಾಗಾಗುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಚಿಕ್ಕತ್ತೆ ಎರೆಯಲು ಹೋಗಿ ಹಾಲು ನಮ್ಮ ಮೇಲೆಲ್ಲ ಚೆಲ್ಲಿತು. ಅತ್ತೆ ಮುಂದೆ ಬಂದು ತಂಗಿಯ ಕೈಯನ್ನು ತಮ್ಮ ಕೈಯಿಂದ ಹಿಡಿದುಕೊಂಡರು. ಇಬ್ಬರೂ ಒಟ್ಟಿಗೆ ಎರೆದರು. ದೊಡ್ಡಮ್ಮನಿಗೆ ಎಲ್ಲ ಕಡೆ ಯಜಮಾನಿಕೆ ಮಾಡಬೇಕು ಎಂದು ನಾನು ಒಳಗೇ ನಕ್ಕಿದ್ದೆ.

ಅಲ್ಲಿಂದ ಮುಂದೆ ನನ್ನ ಸಂಸಾರ ಬೇಲೂರು, ಜಾವಗಲ್ಲು ಎಂದು ಓಡಾಡಿಕೊಂಡು ಚೆನ್ನಾಗಿಯೇ ಸಾಗಿತು. ಮಕ್ಕಳಾದವು. ದೊಡ್ಡಮ್ಮ ಬಂದಾಗಲೆಲ್ಲ ಅತ್ತೆ ತಾವೇ ನಿಂತು ಅವಳಿಗೆ ಬಡಿಸುತ್ತಿದ್ದರು. ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ದೊಡ್ಡಮ್ಮ ಹೂ ಬಿಡಿಸುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳಂತೆ. ನಾನು ಅರಸೀಕೆರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಾನು ಅಷ್ಟು ಅತ್ತದ್ದು ಆಮೇಲೆ ನನ್ನ ಹೆತ್ತ ಅಮ್ಮ ಹೋದಾಗ ಮಾತ್ರ.

ಕಾರ್ಯ ಮುಗಿಸಿ ಜಾವಗಲ್ಲಿಗೆ ಬಂದ ಮೇಲೆ ಅತ್ತೆ ನಮ್ಮಿಬ್ಬರನ್ನೂ ನಡುಮನೆಗೆ ಕರೆದು ಕೂರಿಸಿದರು. ಚಿಕ್ಕತ್ತೆ ಕಂಬಕ್ಕೆ ಒರಗಿ ತಲೆ ತಗ್ಗಿಸಿ ಕೂತಿದ್ದರು. ಅತ್ತೆ ಮಗನ ಮುಖ ನೋಡದೆ, ಬಾಗಿಲ ಕಡೆ ನೋಡುತ್ತ, ನಾವೂ ಹೀಗೇ ಒಂದು ದಿನ ಹೋಗುವವರು, ನಿನ್ನನ್ನು ಹೆತ್ತವಳು ಇವಳು ಎಂದು ಹೇಳಿಬಿಟ್ಟರು. ದೊಡ್ಡಮ್ಮನ ಕಥೆಯಲ್ಲಿ ಇದ್ದ ಹಾಗೆಯೇ ಎಲ್ಲ, ವಿಷವೊಂದು ಬಿಟ್ಟು. ನನ್ನ ಗಂಡ ಅತ್ತೆಯ ಪಕ್ಕಕ್ಕೆ ಸರಿದು ಕೂತು, ಚಿಕ್ಕತ್ತೆಯ ಕಡೆ ತಿರುಗಿ, "ಇವತ್ತೇ ಹೋಗ್ಬೇಕಾ? ನಾಲ್ಕು ದಿನ ಇದ್ದು ಹೋಗು," ಅಂದರು. ಅತ್ತೆ ಅಡುಗೆಮನೆಗೆ ಹೋಗಿ ಅಕ್ಕಿಯನ್ನು ಒಂದು ಪಾವು ಹೆಚ್ಚಿಗೆ ಅಳೆದರು. ಈಗ ಇದು ನಮ್ಮ ಮನೆಯಲ್ಲಿ ಮುಚ್ಚಿಡುವ ಮಾತಲ್ಲ. ಬರೆಯಮ್ಮ ಎಂದು ಹೇಳಿದವರೂ ಅತ್ತೆಯೇ.

ಆ ದಿನ ಅಡುಗೆಮನೆಯಲ್ಲಿ ಅತ್ತೆಯನ್ನು ಕೇಳಿದೆ, ಅವರೆಕಾಯಿ ಹಿಡಿದು ಬಂದ ದಿನ ಅರಸೀಕೆರೆಯಲ್ಲಿ ಏನು ನಡೆಯಿತು ಎಂದು. ಅವರು ಪಕ್ಕದ ಮನೆಯವರ ಪತ್ರಿಕೆ ತಂದು ವಾರವಾರ ಓದುತ್ತಿದ್ದರಂತೆ. ಬೀಗರಿಗೆ ಎಲ್ಲ ಗೊತ್ತಾಗಿದೆ, ನೇರ ಹೇಳಲಾರದೆ ಪೇಪರಿನಲ್ಲಿ ಬರೆದು ತಿಳಿಸುತ್ತಿದ್ದಾರೆ ಎಂದೇ ನಂಬಿಬಿಟ್ಟರಂತೆ.

"ಹೋಗಿ ಕಾಲು ಹಿಡ್ಕಂಡೆ ಕಣಮ್ಮ. ಹುಡುಗಿ ಕೊಡಾಕಿಲ್ಲ ಅಂದ್ರೆ ಇಲ್ಲ ಅನ್ನಿ, ಊರಿಗೆಲ್ಲ ಸಾರಬೇಡಿ, ನನ್ನ ತಂಗಿ ಕೆರೆಗೆ ಬೀಳ್ತಾಳೆ ಅಂತ ಎಲ್ಲಾನೂ ಹೇಳ್ಬಿಟ್ಟೆ. ಹೇಳಾದ ಮ್ಯಾಕೆ ನಿಮ್ಮ ದೊಡ್ಡಮ್ಮನ ಮಖ ನೋಡ್ತೀನಿ, ಆಯಮ್ಮಂಗೆ ಏನೂ ಗೊತ್ತೇ ಇರ್ಲಿಲ್ಲ."

ಮದುವೆ ಬೇಡವೆನ್ನುತ್ತಾರೆ ಎಂದು ಅತ್ತೆ ಕಾದರಂತೆ. ದೊಡ್ಡಮ್ಮ ಅವರನ್ನು ಎಬ್ಬಿಸಿ, ಕಣ್ಣೊರೆಸಿ, ಎದುರಿಗೆ ಕೂರಿಸಿಕೊಂಡಳಂತೆ.

"'ನೀವು ಬರೋ ತನಕ ನಂಗೇನೂ ಗೊತ್ತಿರಲಿಲ್ಲ. ಈಗಲೂ ಏನೂ ಗೊತ್ತಿಲ್ಲ. ಮೊದಲು ಕಾಫಿ ಕುಡೀರಿ,' ಅಂದ್ರು ಕಣಮ್ಮ. ಅಷ್ಟೇಯ. ಆಮ್ಯಾಕೆ ಸಾಯಾಗಂಟ ಒಂದ್ಸಲಾನೂ ಅದರ ಮಾತೆತ್ತಲಿಲ್ಲ."

ಎದುರು ಮನೆಯ ಬೆಕ್ಕು ಮರಿ ಹಾಕಿದ್ದನ್ನೂ ಬಾಯಲ್ಲಿ ಇಟ್ಟುಕೊಳ್ಳಲಾಗದವಳು ನನ್ನ ದೊಡ್ಡಮ್ಮ. ಜೀವಮಾನವಿಡೀ ಹುಡುಕಿದಂಥ ಗುಟ್ಟು ತಾನಾಗಿ ಅವಳ ಮನೆ ಬಾಗಿಲಿಗೆ ನಡೆದು ಬಂದಿತ್ತು. ಅದನ್ನು ಅವಳು ಬರೆಯಲಿಲ್ಲ, ಗಂಡನಿಗೆ ಹೇಳಲಿಲ್ಲ, ತಂಗಿಯಾದ ನನ್ನ ಅಮ್ಮನಿಗೆ ಹೇಳಲಿಲ್ಲ, ಆ ಗುಟ್ಟಿನ ಮನೆಯಲ್ಲೇ ಬಾಳುತ್ತಿದ್ದ ನನಗೂ ಹೇಳಲಿಲ್ಲ. ನಾನು ಗಂಡ ಮಕ್ಕಳೊಂದಿಗೆ ಸುಖವಾಗಿದ್ದೇನೆ. ದೊಡ್ಡಮ್ಮ ಬಾಯಿ ಮುಚ್ಚಿಕೊಂಡಿದ್ದರಿಂದ ಸುಖವಾಗಿದ್ದೇನೆ.