ನನ್ನ ಕಿಟಕಿಗೆ ಅಡ್ಡ ಬಂದ ಯಂತ್ರ

ನೀವು ನಂಬುವುದಿಲ್ಲ ಬಿಡಿ, ನನಗೊಬ್ಬ ಫ್ರಿಜ್ಜಿನಷ್ಟು ದಪ್ಪನೆಯ ಶತ್ರು ಇದ್ದ. ಇವತ್ತು ಬೆಳಿಗ್ಗೆ ಔಷಧಿ ಅಂಗಡಿಯಲ್ಲಿ ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಪುಣ್ಯಾತ್ಮ ನೆನಪಾದ.

ನಾನು ಶಾಲೆಗೆ ಹೋಗುತ್ತಿದ್ದಾಗ ಅವ್ವನಿಗೆ ಹೈದರಾಬಾದಿನ ಹಿಮಾಯತ್‌ನಗರದ ಲ್ಯಾಬಿನಲ್ಲಿ ಕೆಲಸ. ರೋಗಾಣು ಸವರಿದ ತಟ್ಟೆಯ ಮೇಲೆ ಔಷಧಿಯ ಪುಟ್ಟ ಬಿಲ್ಲೆಗಳನ್ನಿಟ್ಟು ರಾತ್ರಿ ಬಿಟ್ಟರೆ, ಕೆಲಸಕ್ಕೆ ಬರುವ ಔಷಧಿಯ ಸುತ್ತ ರೋಗಾಣು ಬೆಳೆಯದೆ ದುಂಡಗೆ ಬಯಲು ಉಳಿಯುತ್ತದೆ. ಆ ಬಯಲಿನ ಅಗಲ ಅಳೆಯಬೇಕು. ಶನಿವಾರ ಇಟ್ಟ ತಟ್ಟೆಯನ್ನು ಭಾನುವಾರ ಓದಲೇಬೇಕು. ಅಪ್ಪ ಫ್ಯಾಕ್ಟರಿ ಪಾಳಿಯಲ್ಲಿರುತ್ತಿದ್ದುದರಿಂದ ನಾನೂ ಅವ್ವನ ಬಾಲ. ಒಳಗೆ ಬಿಡುತ್ತಿರಲಿಲ್ಲ. ಅವ್ವ ಮುಚ್ಚಿದ ತಟ್ಟೆಯನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿಯುತ್ತಿದ್ದಳು. ನಾನು ಹೊರಗಿನಿಂದ ಶಾಲೆಯ ಸ್ಕೇಲಿಟ್ಟು ಅಳೆದು ಕೂಗುತ್ತಿದ್ದೆ. ಅವಳು ಮೊದಲೇ ಅಳೆದಿರುತ್ತಿದ್ದಳು, ಅದು ಬೇರೆ ಮಾತು. ಹೈದರಾಬಾದಿನ ಅರ್ಧ ರೋಗಿಗಳು ನನ್ನ ಸ್ಕೇಲಿನಿಂದಲೇ ಬದುಕಿದ್ದಾರೆ ಎಂದು ಶಾಲೆಯಲ್ಲಿ ಹೇಳಿದ್ದೆ. ಉಳಿದರ್ಧ ಬೇರೆ ಲ್ಯಾಬಿಗೆ ಹೋದವರು.

ಆಮೇಲೆ ಯಂತ್ರ ಬಂತು. ರೋಗಾಣುವನ್ನು ತಾನೇ ಬೆಳೆಸಿ, ತಾನೇ ನೋಡಿ, ತಾನೇ ವರದಿ ಕೊಡುತ್ತದಂತೆ. ಅದಕ್ಕೆ ಕುಂಕುಮ, ಚೆಂಡುಹೂವಿನ ಹಾರ, ಅವ್ವನ ಕೈಯಿಂದ ಆರತಿ. ಅದಕ್ಕೆ ಏಸಿ, ಮನೆಯಲ್ಲಿ ನನಗೆ ಎಮ್ಮೆಯಂತೆ ಕೂಗುವ ಕೂಲರ್. ಸಾಲದ್ದಕ್ಕೆ ಅದನ್ನು ನಿಲ್ಲಿಸಿದ್ದು ನನ್ನ ಕಿಟಕಿಗೆ ಅಡ್ಡವಾಗಿ!

“ಎಷ್ಟ್ ಶಾಣ್ಯಾ ಐತಿ ನೋಡು. ಊಟ ಬೇಡಂಗಿಲ್ಲ, ಹಟ ಮಾಡಂಗಿಲ್ಲ,” ಎಂದಳು ಅವ್ವ, ನನ್ನ ಕಡೆ ನೋಡುತ್ತಾ.

ಮೊದಲ ಭಾನುವಾರ ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಅವ್ವ ಹೊರಟಾಗ ನಾನೂ ಹಟ ಮಾಡಿ ಹೋದೆ. ಅವಳು ಕೈ ತೊಳೆಯಲು ಹೋದದ್ದೇ ತಡ, ಗಾಜಿಗೆ ಮೂಗೊತ್ತಿ ಶುರುಮಾಡಿದೆ.

“ಏ ಡಬ್ಬಾ! ನಮ್ಮವ್ವನ್ನ ಕಸ್ಕೊಂಡಿ ಏನು? ಕರೆಂಟ್ ಹೋಗ್ಲಿ, ನಿನ್ನ ಶಾಣ್ಯಾತನ ನೋಡ್ತೀನಿ!”

“ಯಾರ ಜೋಡಿ ಮಾತಾಡಾಕತ್ತೀ?”

ಅವ್ವ ಹಿಂದೆಯೇ ನಿಂತಿದ್ದಳು. ಭಾಷಣ ಅಲ್ಲಿಗೆ ಮುಗಿಯಿತು.

“ಮತ್ತ ನಾ ಎಲ್ಲಿ ಅಳೀಲಿ?” ಎಂದೆ. ಧ್ವನಿ ಒಡೆದದ್ದು ವಯಸ್ಸಿನ ದೋಷ, ಅಷ್ಟೇ.

“ಹುಚ್ಚಪ್ಪಾ! ಇದು ಬಂದೈತಂತ ಇನ್ನ ಐತವಾರ ನನಗ ಸೂಟಿ. ನಡಿ ಮನೀಗೆ.”

ಮನೆಗೆ ಬಂದವಳೇ ಚಾಪೆಯ ಮೇಲೆ ಉರುಳಿದಳು. ಸಂಜೆಯವರೆಗೆ ಏಳಲಿಲ್ಲ. ಅವ್ವ ಹಗಲು ಮಲಗಿದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಇವತ್ತೂ ಭಾನುವಾರ. ಪಕ್ಕದ ಕೋಣೆಯಿಂದ ಅವ್ವನ ಗೊರಕೆ ಕೇಳುತ್ತಿದೆ. ಆ ಡಬ್ಬಾದ ಮೇಲಿನ ಹೊಟ್ಟೆಕಿಚ್ಚು ಪೂರ್ತಿ ಆರಿಲ್ಲ; ಆದರೂ ಟಿವಿಯ ಸದ್ದು ಅಡಗಿಸಿ ಕ್ರಿಕೆಟ್ ನೋಡುತ್ತಿದ್ದೇನೆ.