ಪಾವ್ಲಾಳ ಪಾಳಿ

ಬೆಳಕು ಹರಿಯುವ ಮುಂಚೆ ಪಾವ್ಲಾ ಒಲೆ ಹೊತ್ತಿಸಬೇಕು. ರಾತ್ರಿಯ ಗಾಳಿ ಬಾಗಿಲ ಸಂದಿಯಿಂದ ತುರುಕಿದ ಮರಳನ್ನು ಗುಡಿಸಬೇಕು. ಅತ್ತೆ ಆಗ್ನೆಸ್‌ಳ ಕಾಲಿಗೆ ಮುಲಾಮು ತಿಕ್ಕಬೇಕು, ಮಾತ್ರೆ ನುಂಗಿಸಬೇಕು, ಹಲ್ಲಿನ ಸೆಟ್ಟು ತೊಳೆದುಕೊಡಬೇಕು. ಕಾಫಿಗೆ ನೀರಿಡಬೇಕು. ಆಮೇಲೆ ಗಂಡ ಲೂಯಿಯ ಬುತ್ತಿ. ಅಲ್ಯುಮಿನಿಯಂ ಡಬ್ಬಿಯ ತಳದಲ್ಲಿ ಕುಡಿಯುವ ನೀರು, ಮೇಲಿನ ತಟ್ಟೆಯಲ್ಲಿ ಬ್ರೆಡ್ಡು ಮತ್ತು ಸಾಸೇಜು, ಎಲ್ಲಕ್ಕೂ ಮೇಲೆ ಪೊತೀತ್ಸಾ. ಅಕ್ರೋಟಿನ ಹೂರಣ ಹಚ್ಚಿ, ಸುರುಳಿ ಸುತ್ತಿ ಬೇಯಿಸಿದ ಆ ರೊಟ್ಟಿಯ ಎರಡು ಹೋಳು. ಒಂದು ತಿನ್ನುವುದಕ್ಕೆ, ಇನ್ನೊಂದು, ಗಣಿ ಕುಸಿದು ಒಳಗೇ ಸಿಕ್ಕಿಬಿದ್ದರೆ ಇರಲಿ ಅಂತ.

ಲೂಯಿ ಕೆಲಸ ಮಾಡುತ್ತಿದ್ದ ಕಲ್ಲಿದ್ದಲ ಗಣಿ ಮುಚ್ಚಿ ವರ್ಷಗಳೇ ಆಗಿದ್ದವು.

ಆದರೂ ಅವನು ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ಹೊರಡುತ್ತಿದ್ದ. ರೈಲು ಹಳಿಯಾಚೆ, ಗಣಿ ಕೆಲಸಕ್ಕೆಂದು ಹಿಂದೆ ವಲಸೆ ಬಂದ ಸ್ಲೊವೀನಿಯರು ಕಟ್ಟಿಕೊಂಡ ಸಭಾಭವನದಲ್ಲಿ ಹಳೆಯ ಗಣಿಗಾರರೆಲ್ಲ ಸೇರಿ ಇಸ್ಪೀಟು ಆಡುವರು, ಹೊತ್ತಾದಾಗ ಒಟ್ಟಿಗೆ ಡಬ್ಬಿ ಬಿಚ್ಚುವರು. ರಾಕ್ ಸ್ಪ್ರಿಂಗ್ಸ್‌ನಲ್ಲಿ ಗಂಡಸರ ಪಾಳಿ ಮುಗಿದಿತ್ತು, ಹೆಂಗಸರದು ಮುಗಿದಿರಲಿಲ್ಲ.

ಊರಿನ ಕೆಳಗೆಲ್ಲ ನೆಲ ಟೊಳ್ಳು. ಅಜ್ಜಂದಿರು ಕೊರೆದ ಸುರಂಗಗಳು ಕುಸಿದಂತೆ ಮೇಲೆ ಮನೆಗಳು ವಾಲುತ್ತವೆ, ಬಾಗಿಲುಗಳು ಕಚ್ಚಿಕೊಳ್ಳುತ್ತವೆ. ಆ ವರ್ಷ ಸರ್ಕಾರದ ಲಾರಿಗಳು ಬಂದು ಸಭಾಭವನದ ಅಡಿಗೆ ಸಿಮೆಂಟಿನ ಗಂಜಿ ಇಳಿಸಿ ನೆಲ ಗಟ್ಟಿ ಮಾಡಿದವು. ವಾಲಿದ್ದ ಅಡುಗೆಮನೆ ನೆಟ್ಟಗಾಯಿತು, ದೊಡ್ಡ ಒಲೆ ಬಂತು. ಭವನ ನಡೆಸುವ ಸಂಘದ ಹೊಸ ಕಾರ್ಯದರ್ಶಿ ಡೊರೊಟಿಯಾ, ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು, ಪಾವ್ಲಾಳನ್ನು ಹುಡುಕಿಕೊಂಡು ಬಂದಳು.

"ತೇತಾ, ಬೇಕರಿ ಶುರು ಮಾಡ್ತಿದೀವಿ. ಸೋಮವಾರ ನಸುಕಿಗೇ ಒಲೆ ಹಚ್ಚಬೇಕು. ಬರ್ತೀರಾ? ಸಂಬಳ ಕೊಡ್ತೀವಿ." ಊರಿನ ಹಿರಿಯ ಹೆಂಗಸರೆಲ್ಲ ಕಿರಿಯರಿಗೆ ತೇತಾ, ಅಂದರೆ ಅತ್ತೆ.

"ರೊಟ್ಟಿ ಬೇಯಿಸೋದಕ್ಕೆ ಸಂಬಳಾನಾ?"

"ಮತ್ತೆ? ಬರೀ 'ಆಹಾ' ಅನ್ನಿಸಿಕೊಳ್ಳೋದಕ್ಕೆ ಯಾರಾದ್ರೂ ಅಷ್ಟೊತ್ತಿಗೆ ಏಳ್ತಾರಾ?"

"ನಾನು ಎದ್ದಿಲ್ವೇನೇ ಇಷ್ಟು ವರ್ಷ! ಊರಿನ ಮದುವೆಗೂ ನಾನೇ, ಮಣ್ಣಿಗೂ ನಾನೇ."

ಪಾವ್ಲಾ ಒಪ್ಪಿದಳು. ಲೂಯಿಯ ಕಣ್ಣಿನ ಪೊರೆ ತೆಗೆಯುವುದು ಗುರುವಾರ. ಸೋಮವಾರದ ಹೊತ್ತಿಗೆ ಅದೂ ಮುಗಿದಿರುತ್ತದೆ ಎಂದು ಲೆಕ್ಕ ಹಾಕಿದಳು.

ಗುರುವಾರ ಬರೀ ಹೊಟ್ಟೆಯಲ್ಲಿ ಬರಬೇಕೆಂದು ಡಾಕ್ಟರು ಲೂಯಿಗೇ ಎರಡು ಸಲ ಹೇಳಿದ್ದರು. ನಸುಕಿನಲ್ಲಿ ಪಾವ್ಲಾಳ ಕೈಗಳು ತಮ್ಮ ಪಾಡಿಗೆ ತಾವು ಡಬ್ಬಿ ತುಂಬಿದವು. ಲೂಯಿಯ ಕೈ ತನ್ನ ಪಾಡಿಗೆ ತಾನು ಅದನ್ನು ಎತ್ತಿಕೊಂಡಿತು. ಕಾರು ನಿಲ್ಲಿಸಿ ಪಾವ್ಲಾ ಆಸ್ಪತ್ರೆಯ ಒಳಗೆ ಬರುವಷ್ಟರಲ್ಲಿ ಅವನ ಮೀಸೆಯ ಮೇಲೆ ಅಕ್ರೋಟಿನ ಪುಡಿ.

"ಏನ್ ಸಾರ್ ಇದು! ತಿಂದ್ಬಿಟ್ರಾ?" ನರ್ಸು ಕೂಗಿದಳು.

"ಇವಳು ಕೊಟ್ಲು," ಅಂದ ಲೂಯಿ, ಮೀಸೆ ಒರೆಸಿಕೊಳ್ಳುತ್ತ.

ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು. ಸೋಮವಾರ ಬೆಳಿಗ್ಗೆಗೆ.

ಬೈಗುಳವೆಲ್ಲ ಪಾವ್ಲಾಳಿಗೇ. "ಕೊಡೋವಾಗ ನಿಂಗೆ ಬುದ್ಧಿ ಎಲ್ಲಿತ್ತು?" ಅಂದಳು ಆಗ್ನೆಸ್. ಇಸ್ಪೀಟಿನ ಜೊತೆಗಾರ ಸ್ಟಾಂಕೊ ಮನೆಗೇ ಬಂದು ನಕ್ಕ: "ಗಂಡನಿಗೆ ಕಣ್ಣಿಗೆ ಪೊರೆ, ಹೆಂಡ್ತಿಗೆ ತಲೆಗೆ ಪೊರೆ!" ಪಾವ್ಲಾ ತಾನೂ ಎರಡು ದಿನ ತನ್ನನ್ನೇ ಬೈದುಕೊಂಡಳು. ಶನಿವಾರ ಲೂಯಿಯ ಅಂಗಿಗೆ ಇಸ್ತ್ರಿ ಹಾಕುವಾಗ ಕೈ ನಿಂತಿತು.

"ಲೂಯಿ, ಡಾಕ್ಟರು ಹೇಳಿದ್ದು ಯಾರಿಗೆ?"

"ನಂಗೆ."

"ತಿಂದ ಬಾಯಿ ಯಾರ್ದು?"

"ನಂದೇ ಕಣೇ. ಡಬ್ಬಿ ತೊಡೆ ಮೇಲೇ ಇತ್ತು. ನೀನು ಕಟ್ಟಿದ್ದನ್ನ ನಾನು ಯಾವತ್ತಾದ್ರೂ ವಾಪಸ್ ತಂದಿದೀನಾ?"

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು.

"ಸೋಮವಾರ ಸ್ಟಾಂಕೊ ಜೊತೆ ಹೋಗು. ನಂಗೆ ಒಲೆ ಹಚ್ಚೋದಿದೆ."

"ಸ್ಟಾಂಕೊನ ಕೇಳೋದಾ? ಹೆಂಡ್ತಿ ಇಟ್ಕೊಂಡು? ನಾಳೆ ಎಲ್ರೂ ಆಡ್ಕೊಳ್ಳಲ್ವಾ? ಒಲೆ ಎಲ್ಲಿಗೆ ಓಡಿಹೋಗುತ್ತೆ, ಮುಂದಿನ ವಾರ ಹಚ್ಚು."

ಮುಂದಿನ ವಾರ ಶುರು ಮಾಡಿದರಾಗದೇ ಎಂದು ಡೊರೊಟಿಯಾಳನ್ನು ಕೇಳಿದರೆ ಅವಳ ಮುಖ ಸಪ್ಪಗಾಯಿತು. "ಶಾಲೆಯವರು ಸೋಮವಾರಕ್ಕೇ ಬ್ರೆಡ್ಡು ಕೇಳಿದಾರೆ ತೇತಾ. ನೀವು ಬರದಿದ್ರೆ ಪಕ್ಕದೂರಿನ ಬೇಕರಿಯವನನ್ನ ಕರೀಬೇಕು. ಅವನು ಒಳಗೆ ಬಂದ್ರೆ ಮತ್ತೆ ಹೊರಗೆ ಹೋಗಲ್ಲ."

ಸೋಮವಾರ ನಸುಕು. ಆಗ್ನೆಸ್‌ಳ ಮಾತ್ರೆ, ಮುಲಾಮು ಮುಗಿದಿತ್ತು. ಲೂಯಿ ಇನ್ನೂ ಗೊರಕೆ ಹೊಡೆಯುತ್ತಿದ್ದ. ಕಣ್ಣಿನ ಪೊರೆ ತೆಗೆಯುವುದು ಅರ್ಧ ಗಂಟೆಯ ಕೆಲಸ. ಬೇಕಾಗಿದ್ದುದು ಕಾರು ಓಡಿಸುವ ಒಬ್ಬರು, ಕಾಯುತ್ತ ಕೂರುವ ಒಬ್ಬರು. ಮಗು ಹೆರುವಾಗ ತಾನು ಆಸ್ಪತ್ರೆಗೆ ಹೋಗಿದ್ದು ಪಕ್ಕದ ಮನೆಯವಳ ಜೊತೆ ಎಂಬುದು ಅವಳಿಗೆ ನೆನಪಾಯಿತು. ಅವತ್ತು ಲೂಯಿಗೆ ಪಾಳಿ ಇತ್ತು. ಯಾರೂ ಆಡಿಕೊಂಡಿರಲಿಲ್ಲ.

ಪಾವ್ಲಾ ಫೋನು ಎತ್ತಿದಳು.

"ಸ್ಟಾಂಕೊ, ಏಳಪ್ಪ. ಲೂಯಿನ ಆಸ್ಪತ್ರೆಗೆ ನೀನು ಕರ್ಕೊಂಡು ಹೋಗಬೇಕು."

"ಅವನೇನೂ ಹೇಳಲಿಲ್ವಲ್ಲ..."

"ಅವನು ಹೇಳಲ್ಲ. ನಾನು ಹೇಳ್ತಿದೀನಿ."

ಆ ಕಡೆ ಕೆಮ್ಮು, ಮಂಚ ಕಿರುಗುಟ್ಟಿದ ಸದ್ದು. "ನೀನೆಲ್ಲಿಗೆ ಹೊರಟೆ?"

"ಕೆಲಸಕ್ಕೆ."

ಲೂಯಿಯನ್ನು ಅವಳು ಎಬ್ಬಿಸಲಿಲ್ಲ, ಒಪ್ಪಿಗೆಯನ್ನೂ ಕೇಳಲಿಲ್ಲ. ಕೋಟು ತೊಟ್ಟು ಹೊರಗೆ ಬಂದಳು. ಸೇಜ್ ಪೊದೆಗಳ ಕಹಿ ವಾಸನೆ ಹೊತ್ತು ಗಾಳಿ ಬೀಸುತ್ತಿತ್ತು. ಹಳಿ ದಾಟಿದ ಮೇಲೆ ರಸ್ತೆ ಎರಡಾಗುತ್ತದೆ, ಎಡಕ್ಕೆ ಆಸ್ಪತ್ರೆ, ಬಲಕ್ಕೆ ಸಭಾಭವನ. ಪಾವ್ಲಾ ಬಲಕ್ಕೆ ತಿರುಗಿದಳು.