ಜೀಪಿನ ಹೊಕ್ಕಳು

ಅವರ ಪೈಜಾಮದ ಎಡತೊಡೆಯ ಮೇಲೆ ಯಾವಾಗಲೂ ಸಣ್ಣ ಸಣ್ಣ ತೂತುಗಳಿರುತ್ತಿದ್ದವು. ಹೊಸದು ಹೊಲಿಸಿದರೂ ತಿಂಗಳೊಳಗೆ ಅದೇ ಜಾಗ ಜಾಲರಿಯಾಗುತ್ತಿತ್ತು. ಬ್ಯಾಟರಿಯ ಆಸಿಡ್ ತಿಂದ ತೂತುಗಳು ಅವು. ದಿನಾ ಸಂಜೆ ಅವರು ತಮ್ಮ ಹಳೇ ಡೀಸೆಲ್ ಜೀಪಿನ ಬ್ಯಾಟರಿ ಬಿಚ್ಚಿ, ಅಕ್ಕಿಯ ನೈಲಾನ್ ಚೀಲಕ್ಕೆ ಇಳಿಸಿ, ಎಡಗೈಯಲ್ಲಿ ಹಿಡಿದು, ಲಿಫ್ಟಿನಲ್ಲಿ ಮೊದಲನೆಯ ಮಹಡಿಯ ಮನೆಗೆ ಒಯ್ಯುತ್ತಿದ್ದರು. ಮರುದಿನ ಗಾಡಿ ತೆಗೆಯುವುದಿದ್ದರೆ ಮತ್ತೆ ಅದನ್ನು ಹೊತ್ತು ಕೆಳಗೆ. ಮಲಾಡಿನ ನಮ್ಮ ಬಿಲ್ಡಿಂಗಿನಲ್ಲಿ ಉಳಿದವರು ನಾಯಿಯನ್ನು ತಿರುಗಾಡಿಸಿಕೊಂಡು ಬರುವ ಹೊತ್ತಿಗೆ ಇವರು ಬ್ಯಾಟರಿಯ ಜೊತೆ ಲಿಫ್ಟಿಗೆ ಕಾಯುತ್ತ ನಿಂತಿರುತ್ತಿದ್ದರು.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಸಂಬಂಧಿಕರೇನಲ್ಲ. ಅವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ವಡಾಲದಲ್ಲಿ ಬಂದರಿನ ಪಕ್ಕದ ವರ್ಕ್‌ಶಾಪೊಂದರಲ್ಲಿ ದುಡಿದು ನಿವೃತ್ತರಾದವರು. ನಾನು ಉಡುಪಿ ಕಡೆಯ ಹೋಟೆಲಿನವರ ಮಗಳು. ಆಂಟಾಪ್ ಹಿಲ್‌ನಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಮಲಾಡಿಗೆ ಬಂದವಳು. ಇಡೀ ಬಿಲ್ಡಿಂಗಿನಲ್ಲಿ ಕನ್ನಡದ ಮನೆ ಎರಡೇ, ಅವೂ ಎದುರುಬದುರು. ಹಾಗಾಗಿ ಕಾಕಾರ ಮೇಲಿನ ದೂರುಗಳೆಲ್ಲ ನೇರ ನನ್ನ ಬಾಗಿಲಿಗೆ ಬರುತ್ತಿದ್ದವು. ಲಿಫ್ಟಿನಲ್ಲಿ ಆಸಿಡ್ ವಾಸನೆ, ಟೈಲ್ಸಿನ ಮೇಲೆ ಕಲೆ, ಬೆಳಗ್ಗೆ ಎದ್ದರೆ ಜೀಪಿನ ಹೊಗೆ. "ಮೇಡಂ, ಆಪ್‌ಕೆ ಅಂಕಲ್ ಕೋ ಸಮ್‌ಝಾಯಿಯೇ" ಎಂದು ಸೊಸೈಟಿಯವರು, ನಾನೇ ಅವರಿಗೆ ಬುದ್ಧಿ ಹೇಳಬೇಕೆಂಬಂತೆ, ಹಿಡಿದು ನಿಲ್ಲಿಸುತ್ತಿದ್ದರು. ಅವರು ನನ್ನ ಅಂಕಲ್ ಅಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ ಹೇಳುವುದನ್ನೇ ಬಿಟ್ಟೆ.

ಆ ಜೀಪು ನೋಡಲು ಚೆಂದವೇನೂ ಇರಲಿಲ್ಲ. ವರ್ಕ್‌ಶಾಪಿನ ಹರಾಜಿನಲ್ಲಿ ಕಾಕಾ ಅದನ್ನು ಕೊಂಡು, ಇಂಜಿನ್ ಬಿಚ್ಚಿ, ಸ್ವತಃ ಜೋಡಿಸಿದ್ದರು. ನಾಲ್ಕೂ ಚಕ್ರಕ್ಕೆ ಎಳೆತವಿದ್ದ ಗಾಡಿ, ಒಳಗೆ ಕಂಪ್ಯೂಟರಿನ ಸೋಂಕಿಲ್ಲ. ಇಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯನ್ನು ಟಾಪಿನವರೆಗೂ ಏರಿಸಿದ್ದರು. ಮಳೆಗಾಲದಲ್ಲಿ ನಮ್ಮ ಗಲ್ಲಿಗೆ ನಾಲೆಯ ನೀರು ನುಗ್ಗಿದಾಗ ಹೊಸ ಹೊಸ ಕಾರುಗಳೆಲ್ಲ ಮುಳುಗಿ ಮೂಕವಾಗಿ ನಿಂತರೆ ಈ ಜೀಪು ಮಾತ್ರ ಗುಡುಗುಡು ಎನ್ನುತ್ತ ದಾಟುತ್ತಿತ್ತು. ನನಗೆ ಬೇಕಾದದ್ದೂ ಅದೇ. ಅಮ್ಮನಿಗೆ ಕಿಡ್ನಿ ಕೈಕೊಟ್ಟ ಮೇಲೆ ಅವರನ್ನು ನಮ್ಮ ಮನೆಗೇ ಕರೆತಂದಿದ್ದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮಳೆ ಬಂತೆಂದು ಅದನ್ನು ಮುಂದೂಡುವಂತಿಲ್ಲ. ನೀರು ತುಂಬಿದ ದಿನಗಳಲ್ಲಿ ಕಾಕಾ ತಾವೇ ಬಂದು ಬೆಲ್ ಒತ್ತಿ, "ಅವ್ವಾರ್ನ ಕರಕೊಂಡು ಬಾ, ಗಾಡಿ ಚಾಲೂ ಮಾಡೇನಿ" ಎನ್ನುತ್ತಿದ್ದರು. ಎರಡು ಮಳೆಗಾಲ ಅಮ್ಮ ಆ ಜೀಪಿನಿಂದಲೇ ದಾಟಿದರು. ಆಮೇಲೆ ಆ ಮನುಷ್ಯನ ಯಾವ ಕಿರಿಕಿರಿಗೂ ಬಾಯಿ ತೆರೆಯುವ ಹಕ್ಕು ನನಗೆ ಉಳಿಯಲಿಲ್ಲ. ಕಿರಿಕಿರಿ ಮಾತ್ರ ಉಳಿಯಿತು.

ಅವರ ಹೆದರಿಕೆಯೆಂದರೆ ಕಳ್ಳರು. ಇಂಥ ಹಳೇ ಡೀಸೆಲ್ ಜೀಪೆಂದರೆ ತೋಟದ ಬಂಗಲೆಯವರು, ಬೆಟ್ಟ ಹತ್ತಿಸುವ ಚಟದವರು ಮುಗಿಬೀಳುತ್ತಾರೆ, ಅದರ ಒಂದೊಂದು ಬಿಡಿಭಾಗಕ್ಕೂ ಗಿರಾಕಿ ಇದ್ದಾರೆ ಎನ್ನುತ್ತಿದ್ದರು. ಹಿಂದೊಮ್ಮೆ ಸ್ಟೆಪ್ನಿ ಚಕ್ರ ಕಳವಾದ ಮೇಲೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲವಂತೆ. ಸ್ಟೀರಿಂಗಿನಿಂದ ಕ್ಲಚ್ಚಿಗೆ ಸರಪಳಿ ಬಿಗಿದು ಬೀಗ ಜಡಿದರು. ಬ್ಯಾಟರಿ ಹೊರುವುದು ಶುರುವಾಯಿತು. ಅಷ್ಟೂ ಸಾಲದೆಂದು ಡ್ರೈವರ್ ಸೀಟಿನ ಕೆಳಗೆ, ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ಡೀಸೆಲ್ ಪೈಪಿನ ನಡುವೆ, ಹಿತ್ತಾಳೆಯ ಪುಟ್ಟ ನಲ್ಲಿಯೊಂದನ್ನು ಕೂರಿಸಿ ಮೇಲೆ ಗೋಣಿಚೀಲ ಮುಚ್ಚಿದರು.

"ಡೀಸೆಲ್ ಗಾಡಿಗೆ ಚಾವಿ ಅನ್ನೂದು ಬರೇ ಶಾಸ್ತ್ರಕ್ಕ, ತಂಗೆವ್ವ. ಇಳಿಜಾರಿನಾಗ ನಾಕು ಮಂದಿ ದಬ್ಬಿದ್ರ ಬ್ಯಾಟ್ರಿ ಇಲ್ಲದನ ಚಾಲೂ ಆಗ್ತೈತಿ. ಎಣ್ಣಿ ಬಂದ್ ಮಾಡಬೇಕು. ಗಲ್ಲಿ ದಾಟೂದ್ರಾಗ ನಿಂತುಬಿಡ್ತೈತಿ."

"ಹಾಗಾದ್ರೆ ಬ್ಯಾಟರಿ ಎಂತಕ್ಕೆ ಹೊರುವುದು ಕಾಕಾ?"

"ಬ್ಯಾಟ್ರಿ ಸಣ್ಣ ಕಳ್ಳರಿಗೆ. ಎಣ್ಣಿ ದೊಡ್ಡ ಕಳ್ಳರಿಗೆ."

ಆ ನಲ್ಲಿಗೆ ಅವರಿಟ್ಟ ಹೆಸರು ಹೊಕ್ಕಳ. ತಾಯಿ ಮಗುವಿಗೆ ಉಣ್ಣಿಸುವ ದಾರಿ ಎಂಬ ಅರ್ಥದಲ್ಲಿ ಇಟ್ಟದ್ದೋ, ಗುಟ್ಟಿನ ಮಾತಾಗಲಿ ಎಂದು ಇಟ್ಟದ್ದೋ, ಕೇಳಿದರೆ ನಗುತ್ತಿದ್ದರು. ಗುಟ್ಟು ಇಟ್ಟುಕೊಳ್ಳುವ ಮನುಷ್ಯನಾಗಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಮೊಣಕಾಲು ನೋವು ಹೆಚ್ಚಾಗಿ ಅವರಿಗೆ ಸೀಟಿನ ಕೆಳಗೆ ಬಗ್ಗಲು ಆಗದಾಯಿತು. ಅವರ ಹೆಂಡತಿ, ನಾವು ಕಾಕು ಎನ್ನುವವರು, ಕಣ್ಣಿನ ಪೊರೆಯಿಂದ ಮೆಟ್ಟಿಲು ಕಾಣದವರು. ಕೆಲಸ ನನ್ನ ಪಾಲಿಗೆ ಬಂತು. ಆಫೀಸು ಮುಗಿಸಿ, ಲೋಕಲ್ಲಿನಲ್ಲಿ ಹಿಂಡಿ ಹಿಪ್ಪೆಯಾಗಿ, ತರಕಾರಿ ಚೀಲದ ಸಮೇತ ಗೇಟಿನೊಳಗೆ ಕಾಲಿಡುತ್ತಲೇ ಮೊದಲ ಮಹಡಿಯ ಬಾಲ್ಕನಿಯಿಂದ ದನಿ ಬೀಳುತ್ತಿತ್ತು.

"ತಂಗೆವ್ವ, ಹೊಕ್ಕಳ ತಿರುವಿ ಬಾ. ಸೀಟಿನ ಕೆಳಗ, ಹಿಂದಿನ ಮೂಲ್ಯಾಗ, ಗೋಣಿಚೀಲದ ಬುಡಕ. ಅಡ್ಡ ಆತೇನ? ಅಡ್ಡ ಆದ್ರ ಬಂದ್, ಉದ್ದ ಆದ್ರ ಚಾಲೂ."

ನನಗೆ ಗೊತ್ತಿದ್ದದ್ದನ್ನೇ ದಿನಾ ಹೇಳುತ್ತಿದ್ದರು. ಅದೂ ಹೊಲದ ಆ ಬದುವಿನಲ್ಲಿರುವವನನ್ನು ಕರೆಯುವ ಗಂಟಲಿನಲ್ಲಿ. ನನ್ನ ಕೈಗೆ ಗ್ರೀಸು, ಮೈಗೆ ಬೆವರು, ತಲೆಗೆ ಸಿಟ್ಟು.

"ಮೆಲ್ಲ ಹೇಳಿ ಮಾರಾಯ್ರೆ. ಇಡೀ ಗಲ್ಲಿಗೆ ಕೇಳ್ತದೆ."

"ಕೇಳಲಿ ಬಿಡ. ಈ ಮಲಾಡದಾಗ ಕನ್ನಡ ಯಾರಿಗೆ ತಿಳೀತೈತಿ? ನಿನ್ನ ಮಕ್ಕಳಿಗೇ ತಿಳಿಯಂಗಿಲ್ಲ."

ನನ್ನ ಮಕ್ಕಳು ನಾನು ಕನ್ನಡದಲ್ಲಿ ಊಟಕ್ಕೆ ಕರೆದರೆ ಹಿಂದಿಯಲ್ಲಿ ಬಂದೆ ಎನ್ನುವವರು. ಬಾಲ್ಕನಿಯ ಕೆಳಗೆ ದಿನಾ ಸಂಜೆ ಟೆಂಪೊ ನಿಲ್ಲಿಸಿಕೊಂಡು, ಮುಖದ ಮೇಲೆ ಟವೆಲು ಹಾಕಿ ಮಲಗುತ್ತಿದ್ದ ಒಬ್ಬ ಡ್ರೈವರನ ಕಡೆಗೆ ನಾನೊಮ್ಮೆ ಕಣ್ಣು ಹೊರಳಿಸಿ ತೋರಿಸಿದೆ. "ಅಂವ ಭಯ್ಯಾ ಇದ್ದಾನ, ಉತ್ತರದ ಕಡಿಯಂವ" ಎಂದು ಕಾಕಾ ಕೈಬೀಸಿದರು. ಅವನು ಎಲ್ಲರ ಹತ್ತಿರವೂ ಹಿಂದಿಯಲ್ಲೇ ಮಾತಾಡುತ್ತಿದ್ದುದು ನಿಜ.

ಮೇ ತಿಂಗಳ ಒಂದು ಮಧ್ಯಾಹ್ನ, ಎಲ್ಲರೂ ಕೆಲಸಕ್ಕೆ ಹೋಗಿ, ಕಾಕಾ ಉಂಡು ಮಲಗಿದ್ದಾಗ, ಜೀಪು ಹೋಯಿತು. ಮೆಕ್ಯಾನಿಕ್ ಬಂದಿದ್ದ, ಕಾಕಾ ಕಳಿಸಿದ್ದಾರೆ ಎಂದ, ಬಿಟ್ಟೆ ಎಂದು ವಾಚ್‌ಮನ್ ಹೇಳಿದ. ಬ್ಯಾಟರಿ ಮನೆಯೊಳಗೆ ಸೋಫಾದ ಪಕ್ಕದಲ್ಲೇ ಇತ್ತು. ಸೊಸೈಟಿಯ ಕ್ಯಾಮೆರಾದಲ್ಲಿ ಎಲ್ಲವೂ ಕಾಣುತ್ತಿತ್ತು. ಟೋಪಿ ಹಾಕಿದ ಒಬ್ಬ ಬರುತ್ತಾನೆ, ತನ್ನದೇ ಬ್ಯಾಟರಿ ಇಳಿಸುತ್ತಾನೆ, ಸರಪಳಿಯನ್ನು ಕಟ್ಟರ್‌ನಿಂದ ಕತ್ತರಿಸುತ್ತಾನೆ. ಆಮೇಲೆ ಸೀಟಿನ ಕೆಳಗೆ ಕೈ ಹಾಕುತ್ತಾನೆ. ಹುಡುಕುವುದಿಲ್ಲ, ತಡಕಾಡುವುದಿಲ್ಲ. ಕೈ ಸೀದಾ ಹಿಂದಿನ ಮೂಲೆಗೆ ಹೋಗಿ ಒಂದು ಸಲ ತಿರುಗಿ ಹೊರಗೆ ಬರುತ್ತದೆ. ಕಾಕಾ ಪರದೆಯ ಮುಂದೆ ನಿಂತು, "ಭಾಳ ಶಾಣ್ಯಾ ಅದಾನ" ಎಂದರು.

ಪೊಲೀಸರ ಹತ್ತಿರ ಹೋದರೆ ಇಷ್ಟು ಹಳೇ ಗಾಡಿಯನ್ನು ಯಾರು ಕದಿಯುತ್ತಾರೆ ಎಂದು ನಕ್ಕರು. ಮಳೆ ಬರುವ ಮುಂಚೆ ಸಿಕ್ಕರೆ ಸಾಕೆಂದು ನಾನು ಅಲೆದಾಡುತ್ತಿದ್ದೆ. ಆಫೀಸಿಗೆ ರಜೆ ಹಾಕಿ ಬೆಂಚಿನ ಮೇಲೆ ಕೂತೆ, ಅವರಿವರ ಕಾಲು ಹಿಡಿದೆ. ಆಶ್ಚರ್ಯವೆಂದರೆ ಅದು ಸಿಕ್ಕಿತು. ಊರ ಹೊರಗಿನ ಹೆದ್ದಾರಿಯ ಒಂದು ಗ್ಯಾರೇಜಿನಲ್ಲಿ ಅರ್ಧ ಹಸಿರು ಬಣ್ಣ ಬಳಿಸಿಕೊಂಡು ನಿಂತಿತ್ತು. ಗುರುತು ಹಿಡಿಯಲು ಆ ಕಡೆಯ ಠಾಣೆಗೆ ನಮ್ಮಿಬ್ಬರನ್ನು ಕರೆದರು. ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದವನು ಅದೇ ಟೆಂಪೊ ಡ್ರೈವರ್. ಕಾಕಾ ಅವನನ್ನು ಸ್ವಲ್ಪ ಹೊತ್ತು ನೋಡಿದರು. ಏನನಿಸಿತೋ, ಕನ್ನಡದಲ್ಲೇ ಕೇಳಿದರು.

"ಯಾವೂರಪಾ ನಿಂದು?"

ಅವನು ನೆಲ ನೋಡುತ್ತ, "ಚಡಚಣರೀ" ಎಂದ.

ಚಡಚಣವೆಂದರೆ ಇಂಡಿಯ ಪಕ್ಕ. ಕಾಕಾ ಅಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಅವನೆದುರು ಕೂತರು.

"ಅಂದ್ರ ನಾ ದಿನಾ ಹೇಳೂದೆಲ್ಲಾ ನಿನಗ ತಿಳೀತಿತ್ತು?"

"ಹೂನ್ರಿ. ಹೊಕ್ಕಳ ಅಂದಾಗ ಮೊದಮೊದಲು ನಗು ಬರ್ತಿತ್ತರಿ."

ಕಾಕಾ ನಕ್ಕುಬಿಟ್ಟರು. ಊರಲ್ಲಿ ಮಳೆ ಆಗಿದೆಯಾ, ನಿಂಬೆಗೆ ಈ ಸಲ ದರ ಹೇಗಿದೆ, ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸಿದರು. ಕಾನ್‌ಸ್ಟೇಬಲ್‌ಗೆ ಹೇಳಿ ಅವನಿಗೊಂದು ಚಹಾ ತರಿಸಿದರು. ನಾನು ಬಾಗಿಲಲ್ಲಿ ನಿಂತು ಕುದಿಯುತ್ತಿದ್ದೆ. ನನ್ನ ಅಮ್ಮನ ಮಳೆಗಾಲವನ್ನು ಕದ್ದವನ ಜೊತೆ ಊರ ಸುದ್ದಿ! ರಿಕ್ಷಾದಲ್ಲಿ ಕೂತ ಮೇಲೆ ನನಗೆ ತಡೆಯಲಾಗಲಿಲ್ಲ.

"ನಿಮಗೆ ನಾಚಿಕೆ ಆಗುವುದಿಲ್ಲವಾ ಕಾಕಾ? ಅವ ಕಳ್ಳ. ನೀವು ಅವನಿಗೆ ಚಾ ಕೊಡುವುದಾ?"

"ಇಷ್ಟ ವರ್ಸದಾಗ ಆ ಗಲ್ಲಿಯೊಳಗ ನನ್ನ ಮಾತು ಪೂರಾ ಕೇಳಿದಂವ ಅವನೊಬ್ಬನ, ತಂಗೆವ್ವ. ನೀ ಅರ್ಧಾ ಕೇಳಿ ಬೈತಿದ್ದಿ."

ಜೀಪು ಸಿಕ್ಕಿತೆಂದರೆ ಮನೆಗೆ ಬಂತೆಂದಲ್ಲ. ಅದು ಈಗ ಕೇಸಿನ ಮುದ್ದೆಮಾಲು, ಕೋರ್ಟಿನ ಆದೇಶವಿಲ್ಲದೆ ಬಿಡುವಂತಿಲ್ಲ. ಕೋರ್ಟಿಗೆ ಬೇಸಿಗೆ ರಜೆ. ರಜೆ ಮುಗಿದರೆ ಚಾಸಿಸ್ ನಂಬರನ್ನು ಕಳ್ಳ ಉಜ್ಜಿ ಹಾಕಿದ್ದಾನೆ, ಅದನ್ನು ಪರೀಕ್ಷಿಸಬೇಕು. ಪರೀಕ್ಷಿಸುವವರು ಬಂದ ದಿನ ಕಾಗದ ತರುವವರು ಬರಲಿಲ್ಲ, ಕಾಗದ ಬಂದ ದಿನ ವಕೀಲರಿಗೆ ಬೇರೆ ಕೇಸು. ಕಳ್ಳನಿಂದ ಗಾಡಿ ಕಾಯಲು ಮೂರು ಉಪಾಯ ಮಾಡಿದ್ದ ಕಾಕಾರಿಗೆ ಕಾನೂನಿನಿಂದ ಅದನ್ನು ಬಿಡಿಸಿಕೊಳ್ಳಲು ಒಂದೂ ಹೊಳೆಯಲಿಲ್ಲ. ಠಾಣೆಯ ಅಂಗಳದಲ್ಲಿ ತೆರೆದ ಆಕಾಶದ ಕೆಳಗೆ ಜೀಪು ನಿಂತಿತ್ತು. ಕಾಕಾ ಟ್ರೇನು ಹತ್ತಿ ಹೋಗಿ ಟಾರ್ಪಾಲು ಹೊದಿಸಿ ಬಂದರು. ಮುಂದಿನ ವಾರ ಹೋದರೆ ಟಾರ್ಪಾಲು ಇರಲಿಲ್ಲ, ಠಾಣೆಯ ಅಂಗಳದಿಂದಲೇ ಯಾರೋ ಎತ್ತಿದ್ದರು. ಇದನ್ನು ಯಾರಿಗೆ ದೂರುವುದು?

ಜುಲೈಯಲ್ಲಿ ಎಡೆಬಿಡದೆ ಹೊಯ್ದ ಮಳೆಗೆ ಬೆಳಗಾಗುವಷ್ಟರಲ್ಲಿ ಗಲ್ಲಿಯಲ್ಲಿ ಮೊಣಕಾಲಿನ ಮೇಲೆ ನೀರು ನಿಂತಿತ್ತು. ಅಂದು ಅಮ್ಮನಿಗೆ ಡಯಾಲಿಸಿಸ್ ಇತ್ತು. ಕಾಲು ಊದಿತ್ತು, ಉಸಿರು ಎಳೆಯುತ್ತಿತ್ತು. ನನ್ನ ಗಂಡ ಕೆಲಸದ ಮೇಲೆ ನಾಗಪುರದಲ್ಲಿದ್ದರು. ಆಂಬುಲೆನ್ಸಿನವನು ದೊಡ್ಡ ರಸ್ತೆಯವರೆಗೆ ಬರುತ್ತೇನೆ, ಗಲ್ಲಿಯೊಳಗೆ ಬರುವುದಿಲ್ಲ ಎಂದು ಫೋನಿಟ್ಟ. ಅಮ್ಮನನ್ನು ಲಿಫ್ಟಿನಿಂದ ಇಳಿಸಿ ಗೇಟಿನ ಬಳಿ ಕುರ್ಚಿ ಹಾಕಿ ಕೂರಿಸಿ, ಮುಂದೇನೆಂದು ತಿಳಿಯದೆ ನಿಂತಿದ್ದೆ. ಆಗ ಕಾಕಾ ನೀರಿನೊಳಗಿಂದ ತರಕಾರಿಯವನ ಕೈಗಾಡಿಯನ್ನು ತಳ್ಳಿಕೊಂಡು ಬಂದರು. ಪೈಜಾಮ ಮೇಲೆ ಕಟ್ಟಿ, ಚಪ್ಪಲಿಯನ್ನು ಕಂಕುಳಲ್ಲಿ ಇರುಕಿಕೊಂಡಿದ್ದರು.

"ನಿಮ್ಮ ಮೊಣಕಾಲು ಕಾಕಾ" ಎಂದೆ.

"ಮೊಣಕಾಲು ನೀರಾಗ ಕಾಣಂಗಿಲ್ಲ. ಅವ್ವಾರ್ನ ಎತ್ತು."

ಅಮ್ಮನನ್ನು ಕುರ್ಚಿಯ ಸಮೇತ ಗಾಡಿಗೆ ಏರಿಸಿ ಹಗ್ಗ ಕಟ್ಟಿದೆವು. ಅವರು ಹಿಂದಿನಿಂದ ತಳ್ಳಿದರು, ಮಳೆಬೂಟು ಹಾಕಿದ್ದ ನಾನು ಮುಂದಿನಿಂದ ಎಳೆದೆ. ದಾರಿಯುದ್ದಕ್ಕೂ ಅವರು ಕೋರ್ಟನ್ನು, ಪೊಲೀಸರನ್ನು, ಮುನಸಿಪಾಲಿಟಿಯನ್ನು ಒಬ್ಬೊಬ್ಬರನ್ನಾಗಿ ಬೈಯುತ್ತಿದ್ದರು. ಅವರ ಕನ್ನಡ ಅಮ್ಮನಿಗೆ ಪೂರ್ತಿ ತಿಳಿಯುವುದಿಲ್ಲ. ಆದರೂ ಆ ಉಸಿರಾಟದ ನಡುವೆ ಅಮ್ಮ ನಕ್ಕರು. ನೀರಿನಡಿ ಏನೋ ತಾಗಿ ಕಾಕಾ ಒಮ್ಮೆ ಮುಗ್ಗರಿಸಿದರು, ಗಾಡಿ ಬಿಡಲಿಲ್ಲ. ದೊಡ್ಡ ರಸ್ತೆ ಮುಟ್ಟಿದ ಮೇಲೆ ನೋಡಿದರೆ ಪಾದ ಸೀಳಿ ರಕ್ತ ಹರಿಯುತ್ತಿತ್ತು.

ನೀರಿನಲ್ಲಿ ನಡೆದವರಿಗೆಲ್ಲ ಮರುದಿನ ಆರೋಗ್ಯ ಇಲಾಖೆಯವರು ಬಂದು, ಇಲಿಜ್ವರ ಬಾರದಿರಲೆಂದು, ಗುಳಿಗೆ ಕೊಟ್ಟರು. ನಾನು ಅಲ್ಲೇ ನುಂಗಿದೆ. ಕಾಕಾ ಜೇಬಿಗೆ ಹಾಕಿಕೊಂಡರು. "ಕೆರಿಯಾಗ ಎಮ್ಮಿ ಜೋಡಿ ಈಜಿ ಬೆಳದಂವ ನಾ. ನನಗ್ಯಾಕ ಗುಳಗಿ?" ನಾನು ಗದರಿದೆ, ಕಾಕು ಗದರಿದರು. ಯಾರ ಮಾತನ್ನು ಕೇಳಿದ ಮನುಷ್ಯ ಅವರು? ವಾರ ಕಳೆಯುವಷ್ಟರಲ್ಲಿ ಜ್ವರ ಬಂತು, ಕಣ್ಣು ಹಳದಿಯಾಯಿತು. ಲೆಪ್ಟೊ, ಇಲಿಜ್ವರ, ಪಾದದ ಗಾಯದಿಂದ ಒಳಗೆ ಹೋಗಿದೆ ಎಂದರು ಡಾಕ್ಟರು. ಅಮ್ಮ ಡಯಾಲಿಸಿಸ್‌ಗೆ ಹೋಗುವ ಆಸ್ಪತ್ರೆಯಲ್ಲೇ, ಅದೇ ಯಂತ್ರಗಳ ಸಾಲಿನಲ್ಲಿ, ಕೊನೆಗೆ ಕಿಡ್ನಿ ನಿಂತ ಕಾಕಾರನ್ನೂ ಮಲಗಿಸಿದರು. ನನ್ನನ್ನು ಗುರುತಿಸಿದ ಕೊನೆಯ ದಿನ ಅವರು ಕೇಳಿದ್ದು, "ಕೋರ್ಟಿನ್ಯಾಗ ಏನಂದ್ರು?" ಎಂದು. ಮುಂದಿನ ವಾರ ಬಿಡುತ್ತಾರಂತೆ ಎಂದೆ.

ಅವರ ದೇಹವನ್ನು ಮನೆಗೆ ತಂದು ಮಲಗಿಸಿದಾಗ ಕಾಕು ಪಕ್ಕದಲ್ಲಿ ಕೂತು, ಯಾರಿಗೂ ಅಲ್ಲ ಎಂಬಂತೆ, "ಇಷ್ಟೊತ್ತು ಸುಮ್ಮನ ಇದ್ದದ್ದು ಇದ ಮೊದಲು" ಎಂದರು. ಆದೇಶ ಬಂದದ್ದು ಶ್ರಾವಣ ಕಳೆದ ಮೇಲೆ. ಜೀಪು ಈಗ ತನ್ನ ಜಾಗದಲ್ಲಿ ನಿಂತಿದೆ. ಅದನ್ನು ಓಡಿಸಲು ನಾನು ಕಲಿಯುತ್ತಿದ್ದೇನೆ.

ಸಿಟ್ಟು ಮಾತ್ರ ಇಳಿದಿಲ್ಲ. ಕಳ್ಳನ ಮೇಲೆ, ಕೋರ್ಟಿನ ಮೇಲೆ, ಆ ಗುಳಿಗೆಯ ಮೇಲೆ. ಎಲ್ಲಕ್ಕಿಂತ ಹೆಚ್ಚು ಅವರ ಆ ಗಂಟಲಿನ ಮೇಲೆ. ಬಾಲ್ಕನಿಯಲ್ಲಿ ನಿಂತು ಕೂಗದಿದ್ದರೆ ಜೀಪು ಇರುತ್ತಿತ್ತು, ಜೀಪಿದ್ದರೆ ಅವರು ನೀರಿಗೆ ಇಳಿಯುತ್ತಿರಲಿಲ್ಲ. ಇಷ್ಟು ಸರಳ. ಆದರೆ ಜೀವಮಾನವಿಡೀ ಹಿಂದಿ ಮರಾಠಿಯಲ್ಲಿ ನಾಲಿಗೆ ಸವೆಸಿ, ಸಂಜೆಯ ಒಂದು ಗಳಿಗೆ ತನ್ನ ಭಾಷೆಯಲ್ಲಿ ಬಾಯ್ತುಂಬ ಮಾತಾಡುವ ಮನುಷ್ಯನಿಗೆ, ಕಾಕಾ, ಕನ್ನಡ ಮಾತಾಡಬೇಡಿ ಎಂದು ನಾನು ಯಾವ ಬಾಯಿಂದ ಹೇಳಬೇಕಿತ್ತು?

ಅಮ್ಮ ಚೆನ್ನಾಗಿದ್ದಾರೆ. ಡಯಾಲಿಸಿಸ್ ಮುಗಿಸಿ ಬಂದು ಲಿಫ್ಟಿನಿಂದ ಇಳಿದರೆ ಎದುರು ಬಾಗಿಲಲ್ಲಿ ಕಾಕು ನಿಂತಿರುತ್ತಾರೆ. "ಬಂದ್ರ್ಯಾ ಅವ್ವಾರ?" ಎಂದು ಕೇಳಿ, ಅಮ್ಮನ ಕೈ ಹಿಡಿದು ಒಳಗೆ ಬಿಡುತ್ತಾರೆ. ಅಮ್ಮ ಬದುಕಿದ್ದಾರೆ ಎಂದು ನನಗೆ ಸಂತೋಷವಾದಾಗಲೆಲ್ಲ ಕಾಕುವಿನ ಆ ಮುಖವನ್ನು ನೋಡಬೇಕಾಗುತ್ತದೆ.